ಕುಂಬಳದ ಬಳ್ಳಿ ತುಂಬ ಹೂವಿದೆ, ಕಾಯಿ ಯಾಕಿಲ್ಲ?

ಒಂದು ಕುಂಬಳದ ಬೀಜ ಊರಿ ನೀರು ಹಾಕಿದರೆ ಬಳ್ಳಿ ತಾನಾಗಿಯೇ ಹಬ್ಬುತ್ತದೆ ಎನ್ನುತ್ತಾರೆ. ಅದು ನಿಜ. ತೊಂದರೆ ಶುರುವಾಗುವುದು ಆಮೇಲೆ. ಎಲೆಗಳು ಅಂಗೈಗಿಂತ ಅಗಲವಾಗುತ್ತವೆ, ದಿನಾ ಬೆಳಿಗ್ಗೆ ದೊಡ್ಡ ದೊಡ್ಡ ಹಳದಿ ಹೂ ಅರಳುತ್ತವೆ, ಆದರೆ ಕಾಯಿ ಮಾತ್ರ ಕಚ್ಚುವುದಿಲ್ಲ. ಇಲ್ಲವೇ ನಿಂಬೆಹಣ್ಣಿನ ಗಾತ್ರದ ಮಿಡಿ ಕಾಣಿಸಿಕೊಂಡು, ಎರಡು ಮೂರು ದಿನದಲ್ಲಿ ಹಳದಿಗೆ ತಿರುಗಿ, ತುದಿ ಕೊಳೆತು ಉದುರಿಹೋಗುತ್ತದೆ.

ಹೊಸದಾಗಿ ತರಕಾರಿ ಬೆಳೆಯಲು ಹೊರಟವರು ಆಗ ಇನ್ನಷ್ಟು ಗೊಬ್ಬರ ಸುರಿಯುತ್ತಾರೆ, ನೀರು ಜಾಸ್ತಿ ಮಾಡುತ್ತಾರೆ, ಯಾವುದೋ ಔಷಧಿ ಹೊಡೆಯುತ್ತಾರೆ. ಹೆಚ್ಚಿನ ಸಲ ಈ ಮೂರೂ ಬೇಕಿರುವುದಿಲ್ಲ. ಬಳ್ಳಿಗೆ ಹಸಿವಿಲ್ಲ, ರೋಗವೂ ಇಲ್ಲ. ಹೂವಿನಲ್ಲಿ ನಡೆಯಬೇಕಾದ ಕೆಲಸ ನಡೆದಿಲ್ಲ, ಅಷ್ಟೆ. ಹಾಗಾಗಿ ಈ ಬರಹದಲ್ಲಿ ಹೂವಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಆದರೆ ಮೊದಲು ಗಿಡದ ಪರಿಚಯ ಆಗಲಿ.

ಕುಂಬಳ ಯಾವುದು, ಸ್ಕ್ವಾಷ್ ಯಾವುದು

ಸಿಹಿಗುಂಬಳ, ಜುಕಿನಿ, ಬಟರ್‌ನಟ್, ಶೋಕಿಗೆ ಇಡುವ ಬಣ್ಣಬಣ್ಣದ ಪುಟ್ಟ ಕಾಯಿಗಳು: ನೋಡಲು ಬೇರೆ ಬೇರೆ ಅನಿಸಿದರೂ ಇವೆಲ್ಲ ಕುಕರ್ಬಿಟ ಎಂಬ ಒಂದೇ ಕುಲದವು, ಇಂಗ್ಲಿಷಿನಲ್ಲಿ ಇವಕ್ಕೆ ಒಟ್ಟಾಗಿ ಸ್ಕ್ವಾಷ್ ಎನ್ನುತ್ತಾರೆ. ಮನೆ ತೋಟದವರಿಗೆ ಇದರಲ್ಲಿ ಮೂರು ಜಾತಿ ಗೊತ್ತಿದ್ದರೆ ಸಾಕು. ಜುಕಿನಿ ಮತ್ತು ಏಕಾರ್ನ್ ಸ್ಕ್ವಾಷ್ ಪೆಪೊ ಜಾತಿಗೆ ಸೇರುತ್ತವೆ. ಬಟರ್‌ನಟ್ ಸೇರುವುದು ಮೊಸ್ಕಾಟ ಜಾತಿಗೆ. ಬಿಸಿಲು, ಸೆಕೆ ತಡೆಯುವುದರಲ್ಲಿ ಇದೇ ಗಟ್ಟಿ. ಮೂರನೆಯದು ಮ್ಯಾಕ್ಸಿಮ. ಸ್ಪರ್ಧೆಗಳಲ್ಲಿ ತೂಗುವ ರಾಕ್ಷಸ ಗಾತ್ರದ ಕುಂಬಳಗಳೆಲ್ಲ ಈ ಜಾತಿಯವು.

ಬೂದುಗುಂಬಳ ಹೆಸರಿಗೆ ಕುಂಬಳವಾದರೂ ಈ ಕುಲದ್ದಲ್ಲ. ಸೋರೆ, ಹೀರೆ, ಸೌತೆ ಕೂಡ ದೂರದ ನೆಂಟರು ಮಾತ್ರ. ಒಂದೇ ಚಪ್ಪರದಲ್ಲಿ ಬೆಳೆದರೂ ಇವು ಕುಂಬಳದ ಜೊತೆ ಬೆರಕೆಯಾಗುವುದಿಲ್ಲ.

ಕುಕರ್ಬಿಟದ ತವರು ಅಮೆರಿಕ ಖಂಡಗಳು. ಮೆಕ್ಸಿಕೋದ ಒವಾಹಾಕ ಪ್ರಾಂತ್ಯದ ಗಿಲಾ ನಕಿಟ್ಸ್ ಎಂಬ ಗವಿಯಲ್ಲಿ ಸಿಕ್ಕ ಪೆಪೊ ಬೀಜಗಳು ಸುಮಾರು 10,000 ವರ್ಷ ಹಳೆಯವು. ಮನುಷ್ಯ ಆ ಖಂಡದಲ್ಲಿ ಪಳಗಿಸಿದ ಬೆಳೆಗಳಲ್ಲಿ ಇದು ಅತ್ಯಂತ ಹಳೆಯದರ ಪೈಕಿ ಒಂದು, ಮೆಕ್ಕೆಜೋಳಕ್ಕಿಂತಲೂ ಹಿಂದಿನದು. 1492ರ ನಂತರ ಹಡಗುಗಳಲ್ಲಿ ಬಂದ ಬೀಜ ಪ್ರಪಂಚದ ಉಳಿದ ಭಾಗಗಳಿಗೆಲ್ಲ ಹರಡಿತು. ಈ ತವರಿನ ಕಥೆ ನೆನಪಿದ್ದರೆ ಗಿಡಕ್ಕೆ ಏನು ಹಿಡಿಸುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಬೆಚ್ಚನೆಯ ಮಣ್ಣು, ತುಂಬ ಬಿಸಿಲು, ಹರಡಲು ಜಾಗ. ಚಳಿ ಮಾತ್ರ ಆಗುವುದಿಲ್ಲ. ಒಂದೇ ಒಂದು ರಾತ್ರಿ ಹಿಮ ಬಿದ್ದರೂ ಎಲೆ ಕಪ್ಪಾಗಿ ಬಾಡಿಹೋಗುತ್ತದೆ.

ಬೀಜದ ಪೊಟ್ಟಣದ ಮೇಲೆ ಬೇಸಿಗೆ ಸ್ಕ್ವಾಷ್, ಚಳಿಗಾಲದ ಸ್ಕ್ವಾಷ್ ಅಂತ ಬರೆದಿರುತ್ತದೆ. ಇದರಿಂದ ಬಹಳ ಜನಕ್ಕೆ ಗೊಂದಲವಾಗುತ್ತದೆ. ಎರಡನ್ನೂ ಬೆಳೆಯುವುದು ಬೆಚ್ಚಗಿನ ದಿನಗಳಲ್ಲೇ. ಬೇಸಿಗೆಯದನ್ನು ಎಳೆಯದಾಗಿರುವಾಗಲೇ ಕೀಳುತ್ತಾರೆ, ಜುಕಿನಿ ಈ ಬಗೆಯದು. ಬಿತ್ತಿ 45ರಿಂದ 60 ದಿನಕ್ಕೆ ಕಾಯಿ ಸಿಗುತ್ತದೆ. ಚಳಿಗಾಲದ್ದನ್ನು ಬಳ್ಳಿಯಲ್ಲೇ ಪೂರ್ತಿ ಬಲಿಯಲು ಬಿಟ್ಟು, ಕಿತ್ತಮೇಲೆ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ. ಅದಕ್ಕೆ 80ರಿಂದ 120 ದಿನ ಬೇಕು. ದೊಡ್ಡ ಕುಂಬಳಗಳೆಲ್ಲ ಈ ಗುಂಪಿನವು.

ಜಾಗ ಕಮ್ಮಿ ಇರುವವರು ಇನ್ನೊಂದು ವ್ಯತ್ಯಾಸ ನೋಡಿಕೊಳ್ಳಬೇಕು. ಜುಕಿನಿಯ ಹೆಚ್ಚಿನ ತಳಿಗಳು ಹಬ್ಬುವುದಿಲ್ಲ, ಒಂದೇ ಕಡೆ ಪೊದೆಯಾಗಿ ನಿಲ್ಲುತ್ತವೆ. ಅವಕ್ಕೆ ಗಿಡದಿಂದ ಗಿಡಕ್ಕೆ 60ರಿಂದ 90 ಸೆಂಟಿಮೀಟರ್ ಸಾಕು. ಹಬ್ಬುವ ಕುಂಬಳಕ್ಕೆ ಒಂದೂವರೆಯಿಂದ ಎರಡೂವರೆ ಮೀಟರ್ ಬೇಕು. ಕುಂಡದಲ್ಲಿ ಬೆಳೆಯುವ ಆಸೆಯಿದ್ದರೆ ಪೊದೆ ತಳಿಯನ್ನೇ ಆರಿಸಿ. ಕುಂಡದಲ್ಲಿ 25 ಲೀಟರಾದರೂ ಮಣ್ಣು ಹಿಡಿಯಬೇಕು. ಜಾಸ್ತಿ ಇದ್ದಷ್ಟೂ ಒಳ್ಳೆಯದು.

ಮೊಳಕೆ: ಮಣ್ಣು ಬೆಚ್ಚಗಾದ ಮೇಲೆ

ಕುಂಬಳದ ಬೀಜಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ, ಮಣ್ಣಿನ ಬಿಸಿ ಗೊತ್ತು. ಮಣ್ಣು 16 ಡಿಗ್ರಿಗಿಂತ ತಣ್ಣಗಿದ್ದರೆ ಬೀಜ ಸುಮ್ನೆ ಕೂತು ಕೊಳೆಯುತ್ತದೆ. 30 ಡಿಗ್ರಿಯ ಆಸುಪಾಸಿನಲ್ಲಿ ವಾರದೊಳಗೆ ಮೊಳೆಯುತ್ತದೆ. ಹಿಮ ಬೀಳುವ ಊರುಗಳಲ್ಲಿ ಹಿಮದ ಭಯ ಪೂರ್ತಿ ಕಳೆದ ಮೇಲೆ ಬಿತ್ತಬೇಕು. ವರ್ಷವಿಡೀ ಬೆಚ್ಚಗಿರುವ ಕಡೆ, ಸುಡುವ ಸೆಕೆ ಮತ್ತು ಜಡಿಮಳೆಯ ವಾರಗಳಲ್ಲಿ ಹೂ ಬರದ ಹಾಗೆ ಹಿಂದುಮುಂದು ಲೆಕ್ಕ ಹಾಕಿಕೊಂಡು ಬಿತ್ತಬೇಕು. ಬಿತ್ತಿದ ಒಂದೂವರೆ ಎರಡು ತಿಂಗಳಿಗೆ ಕುಂಬಳದಲ್ಲಿ ಹೂ ಶುರುವಾಗುತ್ತದೆ, ಜುಕಿನಿಯಲ್ಲಿ ಇನ್ನೂ ಬೇಗ ಅಂತ ಇಟ್ಟುಕೊಳ್ಳಿ.

ಬೀಜವನ್ನು ಎರಡರಿಂದ ಮೂರು ಸೆಂಟಿಮೀಟರ್ ಆಳಕ್ಕೆ ಊರಬೇಕು. ಈ ಆಳಕ್ಕೆ ಒಂದು ಚಂದದ ಕಾರಣವಿದೆ. ಬೀಜ ಒಡೆದು ಬೇರು ಕೆಳಕ್ಕೆ ತಿರುಗುವ ಜಾಗದಲ್ಲಿ, ಎಳೆ ಕಾಂಡದ ಬುಡಕ್ಕೆ, ಒಂದು ಸಣ್ಣ ಗುಬುಟು ಮೂಡುತ್ತದೆ. ಅದು ಬೀಜದ ಸಿಪ್ಪೆಯ ಕೆಳಗಿನ ಅಂಚನ್ನು ಒತ್ತಿ ಹಿಡಿದುಕೊಳ್ಳುತ್ತದೆ. ಅಷ್ಟರಲ್ಲಿ ಕಾಂಡ ಬಾಗಿ ಮೇಲಕ್ಕೆ ಎಳೆಯುತ್ತದೆ. ಎರಡು ದಪ್ಪ ಬೀಜದೆಲೆಗಳು ಸಿಪ್ಪೆಯೊಳಗಿಂದ ಜಾರಿಕೊಂಡು ಹೊರಬರುತ್ತವೆ, ಸಿಪ್ಪೆ ಮಣ್ಣಿನಲ್ಲೇ ಉಳಿಯುತ್ತದೆ. ಬೀಜ ತೀರಾ ಮೇಲಿದ್ದರೆ ಅಥವಾ ಮಣ್ಣು ಒಣಗಿದ್ದರೆ ಈ ಕೆಲಸ ಕೆಡುತ್ತದೆ. ಮೊಳಕೆ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಏಳುತ್ತದೆ, ಎಲೆ ಬಿಚ್ಚಲಾಗದೆ ಸೊರಗುತ್ತದೆ. ಹಾಗೆ ಕಂಡರೆ ಸಿಪ್ಪೆಗೆ ಒಂದೆರಡು ಹನಿ ನೀರು ಬಿಟ್ಟು, ಮೆತ್ತಗಾದ ಮೇಲೆ ಬೆರಳಿನಲ್ಲಿ ಹಗುರವಾಗಿ ಬಿಡಿಸಿ. ಒಣಗಿರುವಾಗ ಎಳೆದರೆ ಎಲೆಯೇ ಕಿತ್ತು ಬರುತ್ತದೆ.

ಸಾಧ್ಯವಾದಷ್ಟು ನೇರ ನೆಲಕ್ಕೇ ಬಿತ್ತಿ. ಈ ಗಿಡಕ್ಕೆ ಬೇರು ಅಲುಗಿದರೆ ಆಗಿಬರುವುದಿಲ್ಲ. ಸಸಿ ಮಾಡಿಯೇ ನೆಡಬೇಕೆಂದರೆ ಮಣ್ಣಲ್ಲಿ ಕರಗುವ ಕಾಗದದ ಲೋಟದಲ್ಲಿ ಬೆಳೆಸಿ, ಎರಡು ಮೂರು ಎಲೆ ಬಂದ ಕೂಡಲೇ ಲೋಟದ ಸಮೇತ ನೆಡಿ. ಒಂದು ಗುಣಿಗೆ ಮೂರು ನಾಲ್ಕು ಬೀಜ ಹಾಕಿ, ಬಲವಾದ ಒಂದೆರಡನ್ನು ಉಳಿಸಿಕೊಂಡು ಬೇರೆಯದನ್ನು ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸಿ. ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ.

ಮಣ್ಣು, ಗೊಬ್ಬರ, ನೀರು

ನೀರು ಬಸಿದುಹೋಗುವ ಮಣ್ಣು ಬೇಕು. ಹುಳಿ-ಕ್ಷಾರದ ಅಳತೆ, ಅಂದರೆ ಪಿಎಚ್, 6ರಿಂದ 6.8ರ ನಡುವೆ ಇದ್ದರೆ ಒಳ್ಳೆಯದು. ಗುಣಿ ತೋಡಿ, ಮಣ್ಣಿಗೆ ಚೆನ್ನಾಗಿ ಕೊಳೆತ ಗೊಬ್ಬರ ಧಾರಾಳವಾಗಿ ಬೆರೆಸಿ, ನೆಲಮಟ್ಟಕ್ಕಿಂತ ಸ್ವಲ್ಪ ಎತ್ತರಿಸಿ ದಿಣ್ಣೆ ಮಾಡಿದರೆ ಬುಡದಲ್ಲಿ ನೀರು ನಿಲ್ಲುವುದಿಲ್ಲ, ಮಣ್ಣೂ ಬೇಗ ಬೆಚ್ಚಗಾಗುತ್ತದೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ನೆರಳಲ್ಲಿ ಬಳ್ಳಿ ಉದ್ದವಾಗುತ್ತದೆ, ಕಾಯಿ ಆಗುವುದಿಲ್ಲ.

ಗೊಬ್ಬರದಲ್ಲಿ ಸಾರಜನಕ ಎಲೆ ಮತ್ತು ಕಾಂಡ ಬೆಳೆಸುತ್ತದೆ. ಶುರುವಿನಲ್ಲಿ ಅದು ಬೇಕು. ಹೂ ಬಂದ ಮೇಲೂ ಅದನ್ನೇ ಸುರಿಯುತ್ತಿದ್ದರೆ ಗಿಡ ಎಲೆಯನ್ನೇ ಮಾಡುತ್ತಾ ಹೋಗುತ್ತದೆ. ಕಡು ಹಸಿರು, ತಟ್ಟೆಯಗಲದ ಎಲೆ, ಹೂ ಮಾತ್ರ ವಿರಳ ಅಂತಾದರೆ ಸಾರಜನಕ ಜಾಸ್ತಿಯಾಗಿದೆ ಅಂತಲೇ ಅರ್ಥ. ಹೂ ಕಾಣಿಸಿದ ಮೇಲೆ ಪೊಟ್ಯಾಷ್ ಇರುವ ಗೊಬ್ಬರದ ಕಡೆ ತಿರುಗಬೇಕು.

ವಾರಕ್ಕೆ ಸುಮಾರು 25 ಮಿಲಿಮೀಟರ್ ಮಳೆಯಷ್ಟು ನೀರು ಸಾಕು, ಅಂದರೆ ಒಂದು ಚದರ ಮೀಟರ್ ಪಾತಿಗೆ 25 ಲೀಟರ್. ದಿನಾ ಚೂರು ಚೂರು ಚಿಮುಕಿಸುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವ ಹಾಗೆ ಬುಡಕ್ಕೆ ಬಿಡುವುದು ಮೇಲು. ಮರಳು ಮಣ್ಣಿಗೂ ಕುಂಡಕ್ಕೂ ಈ ಲೆಕ್ಕ ಸಾಲದು, ಬೆರಳು ತೂರಿಸಿ ನೋಡಿ ಹಾಕಬೇಕು. ಬುಡದ ಸುತ್ತ ಒಣಹುಲ್ಲು, ತರಗೆಲೆ ಹೊದಿಸಿದರೆ ತೇವ ಉಳಿಯುತ್ತದೆ. ಕಾಯಿ ನೇರ ಹಸಿ ಮಣ್ಣಿಗೆ ತಗಲಿ ಕೊಳೆಯುವುದೂ ತಪ್ಪುತ್ತದೆ.

ಮಧ್ಯಾಹ್ನದ ಬಿಸಿಲಿಗೆ ಎಲೆಗಳೆಲ್ಲ ಜೋತುಬಿದ್ದರೆ ಗಾಬರಿಯಾಗಬೇಡಿ. ಅಷ್ಟು ಅಗಲದ ಎಲೆಯಿಂದ ಆರಿಹೋಗುವ ನೀರನ್ನು ಬೇರು ಆ ಹೊತ್ತಿನಲ್ಲಿ ತುಂಬಿಕೊಡಲಾರದು. ಸಂಜೆ ಹೊತ್ತಿಗೆ ಎದ್ದು ನಿಂತರೆ ಎಲ್ಲ ಸರಿಯಿದೆ. ಬೆಳಗಿನ ತಂಪಿನಲ್ಲೂ ಬಾಡಿಯೇ ಇದ್ದರೆ ಆಗ ಮಣ್ಣು, ಬೇರು, ಬುಡದ ಕಾಂಡ ನೋಡಬೇಕು.

ಬಳ್ಳಿ ನೆಲದ ಮೇಲೆ ಹರಿಯುವಾಗ ಗೆಣ್ಣುಗಳಿಂದಲೂ ಬೇರು ಬಿಡುತ್ತದೆ. ಅಂಥ ಗೆಣ್ಣಿನ ಮೇಲೆ ಒಂದು ಹಿಡಿ ಮಣ್ಣು ಮುಚ್ಚಿದರೆ ಗಿಡಕ್ಕೆ ಇನ್ನೊಂದು ಆಧಾರ ಸಿಕ್ಕಿದಂತೆ. ಬುಡದ ಕಾಂಡಕ್ಕೆ ಹುಳ ಬಿದ್ದರೂ ಮುಂದಿನ ಬಳ್ಳಿ ಬದುಕಿಕೊಳ್ಳುತ್ತದೆ. ಚಪ್ಪರಕ್ಕೆ ಹಬ್ಬಿಸಿದರೆ ಈ ಅನುಕೂಲ ಇಲ್ಲ, ಆದರೆ ಜಾಗ ಉಳಿಯುತ್ತದೆ, ಗಾಳಿ ಆಡುತ್ತದೆ. ಒಂದೆರಡು ಕೆಜಿಯ ಕಾಯಿಯನ್ನು ತೊಟ್ಟೇ ತಡೆಯುತ್ತದೆ. ಅದಕ್ಕಿಂತ ದೊಡ್ಡದಾದರೆ ಹಳೆ ಬಟ್ಟೆಯ ಜೋಳಿಗೆ ಕಟ್ಟಿ ಭಾರವನ್ನು ಚಪ್ಪರಕ್ಕೆ ವಹಿಸಬೇಕು.

ಹೂವಿಗೆ ಸಿಗುವುದು ಒಂದೇ ಬೆಳಿಗ್ಗೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಎರಡೂ ಒಂದೇ ಬಳ್ಳಿಯಲ್ಲಿರುತ್ತವೆ. ಗುರುತಿಸುವುದು ಬಹಳ ಸುಲಭ, ದಳ ನೋಡಬೇಡಿ, ಹೂವಿನ ಕೆಳಗೆ ನೋಡಿ. ಗಂಡು ಹೂವಿಗೆ ಉದ್ದನೆಯ ಸಪೂರ ತೊಟ್ಟು, ಅದರ ತುದಿಗೆ ನೇರವಾಗಿ ಹೂ. ಹೆಣ್ಣು ಹೂವಿನ ತೊಟ್ಟು ಗಿಡ್ಡ ಮತ್ತು ದಪ್ಪ, ತೊಟ್ಟಿಗೂ ಹೂವಿಗೂ ನಡುವೆ ಪುಟಾಣಿ ಕಾಯಿಯೊಂದು ಇರುತ್ತದೆ. ಜುಕಿನಿಯಾದರೆ ಕಿರುಬೆರಳಿನಷ್ಟು ಉದ್ದಕ್ಕೆ, ಕುಂಬಳವಾದರೆ ಗೋಲಿಯಷ್ಟು ಉರುಟಾಗಿ.

ಇಲ್ಲೇ ಬಹಳ ಜನ ಮೋಸಹೋಗುವುದು. ಆ ಪುಟಾಣಿ ಕಾಯಿ ಕಂಡ ಕೂಡಲೇ ಕಾಯಿ ಕಚ್ಚಿತು ಅಂದುಕೊಳ್ಳುತ್ತಾರೆ. ಅದು ಇನ್ನೂ ಕಾಯಿಯಲ್ಲ, ಕಾಯಿಯಾಗಬಹುದಾದ ಅಂಡಾಶಯ. ಹೂ ಅರಳುವ ಮುಂಚೆಯೇ ಅದು ಅಲ್ಲಿರುತ್ತದೆ. ಗಂಡು ಹೂವಿನ ಪರಾಗ, ಅಂದರೆ ಆ ಹಳದಿ ಪುಡಿ, ಹೆಣ್ಣು ಹೂವಿಗೆ ಮುಟ್ಟಿದರೆ ಮಾತ್ರ ಬೆಳೆಯುತ್ತದೆ. ಮುಟ್ಟದಿದ್ದರೆ ಕೆಲವೇ ದಿನದಲ್ಲಿ ಹಳದಿಯಾಗಿ ಉದುರುತ್ತದೆ.

ಬಳ್ಳಿಯಲ್ಲಿ ಮೊದಲು ಬರುವುದು ಗಂಡು ಹೂಗಳೇ. ಒಂದೆರಡು ವಾರ ಅವು ಮಾತ್ರ ಅರಳಿ ಉದುರುವುದು ಸಾಮಾನ್ಯ. ಆಮೇಲೂ ಹೆಣ್ಣಿಗಿಂತ ಗಂಡು ಹೂಗಳೇ ಬಹಳ ಜಾಸ್ತಿ. ಸೆಕೆ ಹೆಚ್ಚಾದಾಗ, ಹಗಲು ಉದ್ದವಾದಾಗ ಈ ಅಂತರ ಇನ್ನೂ ಹೆಚ್ಚುತ್ತದೆ. ಹಗಲು ಗಿಡ್ಡವಾಗಿ ಹವೆ ತುಸು ತಂಪಾದಾಗ ಹೆಣ್ಣು ಹೂ ಜಾಸ್ತಿ ಬರುತ್ತವೆ. ಹಾಗಾಗಿ ಶುರುವಿನಲ್ಲಿ ಹೂ ಉದುರಿದರೆ ಮಾಡಬೇಕಾದ್ದು ಏನೂ ಇಲ್ಲ, ಕಾಯಬೇಕು.

ಹೂ ಅರಳುವುದು ನಸುಕಿನಲ್ಲಿ. ಮಧ್ಯಾಹ್ನಕ್ಕೆಲ್ಲ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಯುವುದಿಲ್ಲ. ಒಂದು ಹೆಣ್ಣು ಹೂವಿಗೆ ಜೀವಮಾನದಲ್ಲಿ ಸಿಗುವುದು ಆ ನಾಲ್ಕೈದು ಗಂಟೆ ಮಾತ್ರ. (ಸೋರೆಯದು ಇದಕ್ಕೆ ತದ್ವಿರುದ್ಧ, ಅದರ ಬಿಳಿ ಹೂ ಅರಳುವುದೇ ಸಂಜೆ.) ಕುಂಬಳದ ಪರಾಗ ತೂಕದ್ದು, ಅಂಟಂಟು. ಗಾಳಿಗೆ ಹಾರುವುದಿಲ್ಲ. ಯಾರಾದರೂ ಹೊತ್ತು ತರಲೇಬೇಕು. ಜೇನುನೊಣ, ಭ್ರಮರ ಈ ಕೆಲಸ ಮಾಡುತ್ತವೆ. ಗಿಡದ ತವರಿನಲ್ಲಿ ಸ್ಕ್ವಾಷ್ ಬೀ ಎಂಬ ಒಂಟಿ ಜೇನೇ ಇದೆ. ಅದು ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೊರಡುತ್ತದೆ, ತನ್ನ ಮರಿಗಳಿಗೆ ಈ ಕುಲದ ಪರಾಗವನ್ನೇ ಉಣಿಸುತ್ತದೆ. ಅದರ ಗಂಡುಗಳು ಮಧ್ಯಾಹ್ನದ ಮೇಲೆ ಮುಚ್ಚಿದ ಹೂವಿನೊಳಗೇ ಮಲಗಿರುತ್ತವೆ.

ಒಂದು ಜೇನು ಒಂದು ಸಲ ಬಂದು ಹೋದರೆ ಸಾಲದು. ಕುಂಬಳದೊಳಗೆ ನೂರಾರು ಬೀಜ ಇರುತ್ತವೆ, ಅಲ್ವಾ? ಪ್ರತಿ ಬೀಜಕ್ಕೂ ಒಂದೊಂದು ಪರಾಗದ ಕಣ ಬೇಕು. ಬೆಳೆಯುತ್ತಿರುವ ಬೀಜಗಳೇ ಸುತ್ತಲಿನ ತಿರುಳನ್ನು ಬೆಳೆಯಲು ಪ್ರಚೋದಿಸುತ್ತವೆ. ಪರಾಗ ಕಮ್ಮಿ ಬಿದ್ದರೆ ಬೀಜ ಕಮ್ಮಿ. ಬೀಜವಿಲ್ಲದ ಕಡೆ ಕಾಯಿ ಸೊರಗುತ್ತದೆ. ಜುಕಿನಿಯ ಒಂದು ತುದಿ ದಪ್ಪ, ಇನ್ನೊಂದು ತುದಿ ಚೂಪಾಗಿ ಬಾಡಿರುವುದನ್ನು ನೋಡಿರುತ್ತೀರಿ. ಅದು ಹೆಚ್ಚಾಗಿ ಅರೆಬರೆ ಪರಾಗದ ಗುರುತು.

ಜೇನು ಬಾರದಿದ್ದರೆ ಕೈಯಿಂದ ಹೀಗೆ ಮಾಡಿ

ಎತ್ತರದ ಬಾಲ್ಕನಿ, ಸುತ್ತ ಗಿಡಮರ ಇಲ್ಲದ ಜಾಗ, ಮಳೆ ಮೋಡದ ವಾರ: ಇಂಥ ಕಡೆ ಜೇನು ಬರುವುದಿಲ್ಲ. ಆಗ ನಾವೇ ಪರಾಗ ಮುಟ್ಟಿಸಬೇಕು. ಕಷ್ಟದ ಕೆಲಸ ಅಲ್ಲ, ಆದರೆ ಬೆಳಿಗ್ಗೆ ಬೇಗ ಎದ್ದು ಮಾಡಬೇಕು. ಒಂಬತ್ತು ಗಂಟೆಯೊಳಗೆ ಮುಗಿಸಿದರೆ ಒಳ್ಳೆಯದು. ಹೊತ್ತೇರಿದ ಹಾಗೆ ಪರಾಗದ ಕಸುವು ಇಳಿಯುತ್ತದೆ.

ಆ ದಿನವೇ ಅರಳಿದ ಗಂಡು ಹೂವೊಂದನ್ನು ತೊಟ್ಟಿನ ಸಮೇತ ಕೀಳಿ. ದಳಗಳನ್ನು ಹರಿದು ತೆಗೆಯಿರಿ. ನಡುವಿನ ದಿಂಡು ಮಾತ್ರ ಉಳಿಯುತ್ತದೆ. ಬೆರಳಿನಿಂದ ಮುಟ್ಟಿದರೆ ಹಳದಿ ಪುಡಿ ಅಂಟಬೇಕು. ಅಂಟದಿದ್ದರೆ ಬೇರೆ ಹೂ ಆರಿಸಿ. ಈಗ ಅರಳಿದ ಹೆಣ್ಣು ಹೂವಿನೊಳಗೆ ಇಣುಕಿ ನೋಡಿ. ನಡುವೆ ಮೂರು ಹೋಳಾದ, ಉಬ್ಬಿದ, ಮಿರುಗುವ ಭಾಗ ಕಾಣುತ್ತದೆ. ಅದು ಶಲಾಕಾಗ್ರ, ಪರಾಗ ಸೇರಬೇಕಾದ ಜಾಗ. ಗಂಡು ಹೂವಿನ ದಿಂಡನ್ನು ಆ ಎಲ್ಲ ಹೋಳುಗಳ ಮೇಲೂ, ಸುತ್ತಲೂ, ಮೆಲ್ಲಗೆ ಸವರಿ. ಒಂದೇ ಹೋಳಿಗೆ ಸವರಿ ಬಿಟ್ಟರೆ ಕಾಯಿ ಸೊಟ್ಟಗಾಗಬಹುದು. ಒಂದು ಹೆಣ್ಣು ಹೂವಿಗೆ ಎರಡು ಗಂಡು ಹೂ ಬಳಸಿದರೆ ಇನ್ನೂ ಖಾತ್ರಿ. ಗಂಡು ಹೂ ಅದೇ ಬಳ್ಳಿಯದಾದರೂ ಸರಿ, ಅದೇ ಜಾತಿಯ ಇನ್ನೊಂದು ಬಳ್ಳಿಯದಾದರೂ ಸರಿ.

ಫಲ ಸಿಕ್ಕಿತೋ ಇಲ್ಲವೋ ಅನ್ನುವುದು ಕೆಲವೇ ದಿನದಲ್ಲಿ ತಿಳಿಯುತ್ತದೆ. ಕಾಯಿ ಕಚ್ಚಿದ್ದರೆ ಮಿಡಿಯ ಹೊಳಪು ಉಳಿಯುತ್ತದೆ, ಗಾತ್ರ ದಿನದಿನಕ್ಕೆ ಕಾಣುವಷ್ಟು ಏರುತ್ತದೆ. ಕಚ್ಚದಿದ್ದರೆ ಮಿಡಿ ಬಿಳಚಿಕೊಂಡು, ಹೂವಿದ್ದ ತುದಿಯಿಂದ ಸುಕ್ಕಾಗುತ್ತಾ ಬರುತ್ತದೆ.

ಹೂ ಇರುವ ದಿನಗಳಲ್ಲಿ ಬೆಳಗಿನ ಹೊತ್ತು ಕೀಟನಾಶಕ ಹೊಡೆಯಲೇಬಾರದು. ಬೇವಿನ ಎಣ್ಣೆಯೂ ಈ ಮಾತಿಗೆ ಹೊರತಲ್ಲ. ಹೊಡೆಯಲೇಬೇಕಾದರೆ ಹೂ ಮುಚ್ಚಿ, ಜೇನುಗಳೆಲ್ಲ ಮರಳಿದ ಮೇಲೆ, ಮುಸ್ಸಂಜೆಗೆ.

ಪರಾಗ ಮುಟ್ಟಿದರೂ ಮಿಡಿ ಉದುರುವುದು

ಇದಕ್ಕೆ ಕಾರಣ ಗಿಡದ ಮನೆವಾರ್ತೆ. ಬಳ್ಳಿಯನ್ನು ಒಂದು ಸಂಸಾರ ಅಂದುಕೊಳ್ಳಿ. ಎಲೆಗಳು ದುಡಿಯುವ ಕೈ, ಕಾಯಿಗಳು ಉಣ್ಣುವ ಬಾಯಿ. ಎಲೆ ಬಿಸಿಲಲ್ಲಿ ತಯಾರಿಸಿದ ಸಕ್ಕರೆಯೇ ಕಾಯಿಗೆ ಹೋಗುವುದು. ಮೊದಲು ಕಚ್ಚಿದ ಎರಡು ಕಾಯಿ ಬೇಗಬೇಗ ಬೆಳೆಯುತ್ತಿದ್ದರೆ ದುಡಿಮೆಯ ಹೆಚ್ಚಿನ ಪಾಲು ಅಲ್ಲಿಗೇ ಹೋಗುತ್ತದೆ. ಆಮೇಲೆ ಹುಟ್ಟಿದ ಮಿಡಿಗೆ ಉಳಿಯುವುದಿಲ್ಲ. ಸಾಕಲಾರದ್ದನ್ನು ಗಿಡ ತಾನೇ ಕಳಚಿ ಹಾಕುತ್ತದೆ.

ದೊಡ್ಡ ಕಾಯಿಯ ತಳಿಯಾದರೆ ಒಂದು ಬಳ್ಳಿಗೆ ಎರಡೋ ಮೂರೋ ಕಾಯಿ ಉಳಿಸಿಕೊಂಡು ಬಾಕಿಯದನ್ನು ಮಿಡಿಯಲ್ಲೇ ತೆಗೆಯುವುದು, ಬಳ್ಳಿಯ ಕುಡಿ ಚಿವುಟುವುದು ಇದಕ್ಕೇ. ಸ್ಪರ್ಧೆಗೆ ಬೆಳೆಯುವವರು ಒಂದು ಬಳ್ಳಿಗೆ ಒಂದೇ ಕಾಯಿ ಬಿಡುತ್ತಾರೆ. 2023ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಎಂಬಲ್ಲಿ ತೂಗಿದ ಒಂದು ಮ್ಯಾಕ್ಸಿಮ ಕುಂಬಳ ಸುಮಾರು 1,247 ಕೆಜಿ ಇತ್ತು. ಇಡೀ ಬಳ್ಳಿಯ ದುಡಿಮೆ ಒಂದೇ ಕಾಯಿಗೆ ಹರಿದರೆ ಎಲ್ಲಿಗೆ ಮುಟ್ಟಬಹುದು ನೋಡಿ. ಜುಕಿನಿಯಲ್ಲಿ ಇದೇ ಲೆಕ್ಕ ಬೇರೆ ರೀತಿ ಕೆಲಸ ಮಾಡುತ್ತದೆ. ಎಳೆ ಕಾಯಿಯನ್ನು ಕೀಳುತ್ತಾ ಇದ್ದಷ್ಟೂ ಗಿಡ ಹೊಸದು ಕಚ್ಚುತ್ತದೆ. ಎಲೆಯ ಮರೆಯಲ್ಲಿ ಒಂದು ಕಾಯಿ ತಪ್ಪಿಸಿಕೊಂಡು ಬಲಿತರೆ ಸಾಕು, ಹೊಸ ಕಾಯಿ ಕಮ್ಮಿಯಾಗುತ್ತವೆ.

ಸೆಕೆಯೂ ಒಂದು ಕಾರಣ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದ ದಿನಗಳಲ್ಲಿ ಪರಾಗವೇ ಕೆಡುತ್ತದೆ, ಹೂ ಉದುರುತ್ತದೆ. ಹವೆ ಇಳಿದರೆ ತಾನಾಗಿ ಸರಿಹೋಗುತ್ತದೆ.

ಕಾಯಿ ಒಂದಷ್ಟು ಬೆಳೆದ ಮೇಲೆ ಹೂವಿನ ತುದಿಯಲ್ಲಿ ಕಪ್ಪಗೆ, ಗುಳಿಬಿದ್ದಂತೆ ಆದರೆ ಅದು ಬೇರೆ ತೊಂದರೆ. ಕ್ಯಾಲ್ಸಿಯಂ ಆ ತುದಿಯವರೆಗೆ ತಲುಪಿಲ್ಲ. ಹೆಚ್ಚಿನ ಸಲ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ. ಅದು ನೀರಿನ ಜೊತೆ ಸಾಗುವುದರಿಂದ, ಒಂದು ದಿನ ಬರ ಒಂದು ದಿನ ನೆರೆ ಎಂಬಂತೆ ನೀರು ಹಾಕಿದರೆ ಸಾಗಾಟ ಕೆಡುತ್ತದೆ. ಸುಣ್ಣ ತರುವ ಮೊದಲು ನೀರಿನ ಕ್ರಮ ಸರಿಮಾಡಿ.

ಎಲೆಯ ಮೇಲಿನ ಬಿಳುಪು: ರೋಗವೋ, ಬಣ್ಣವೋ?

ಎಷ್ಟೋ ಜುಕಿನಿ, ಮೊಸ್ಕಾಟ ತಳಿಗಳ ಎಲೆಗೆ ಹುಟ್ಟಿನಿಂದಲೇ ಬೆಳ್ಳಿ ಮಚ್ಚೆಗಳಿರುತ್ತವೆ. ಇದನ್ನು ಬೂದಿ ರೋಗ ಅಂದುಕೊಂಡು ಔಷಧಿ ಹೊಡೆಯುವವರು ಬಹಳ. ಹತ್ತಿರದಿಂದ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹುಟ್ಟು ಬಣ್ಣ ನರಗಳನ್ನು ಅನುಸರಿಸಿ, ನರಗಳು ಕವಲೊಡೆಯುವ ಮೂಲೆಗಳಲ್ಲಿ ಇರುತ್ತದೆ. ಎಲ್ಲ ಎಲೆಯಲ್ಲೂ ಹೆಚ್ಚುಕಮ್ಮಿ ಒಂದೇ ವಿನ್ಯಾಸ. ಬೆರಳಲ್ಲಿ ಉಜ್ಜಿದರೆ ಏನೂ ಬರುವುದಿಲ್ಲ. ಬೂದಿ ರೋಗ ಹಾಗಲ್ಲ. ಮೊದಲು ಹಳೆಯ ಎಲೆಯ ಮೇಲೆ ಅಲ್ಲಲ್ಲಿ ಉರುಟು ಚುಕ್ಕೆ, ಆಮೇಲೆ ಚುಕ್ಕೆಗಳು ಕೂಡಿಕೊಂಡು ಇಡೀ ಎಲೆಗೆ ಹಿಟ್ಟು ಬಳಿದಂತಾಗುತ್ತದೆ. ಉಜ್ಜಿದರೆ ಪುಡಿ ಬೆರಳಿಗೆ ಬರುತ್ತದೆ.

ಬೂದಿ ರೋಗ ಒಂದು ಶಿಲೀಂಧ್ರ. ಹರಡಲು ಅದಕ್ಕೆ ಎಲೆ ಒದ್ದೆಯಾಗಿರಬೇಕಿಲ್ಲ, ಗಾಳಿಯಲ್ಲಿ ತೇವವಿದ್ದರೆ ಸಾಕು. ಗಿಡಗಳ ನಡುವೆ ಗಾಳಿ ಆಡಲು ಜಾಗ ಬಿಡುವುದು, ತೀರಾ ಹಿಡಿದ ಹಳೆ ಎಲೆ ತೆಗೆಯುವುದು ಮೊದಲ ಉಪಾಯ. ಹಾಲು ಕೂಡ ಕೆಲಸ ಮಾಡುತ್ತದೆ. ಬ್ರೆಜಿಲ್‌ನ ವಿಜ್ಞಾನಿ ವ್ಯಾಗ್ನರ್ ಬೆಟ್ಟಿಯೋಲ್ ಜುಕಿನಿ ಗಿಡಗಳ ಮೇಲೆ ನೀರು ಬೆರೆಸಿದ ಹಸಿ ಹಾಲು ಸಿಂಪಡಿಸಿ ನೋಡಿ, 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತರಲ್ಲಿ ಒಂದು ಪಾಲು ಹಾಲಿರುವ ಮಿಶ್ರಣವನ್ನು ವಾರಕ್ಕೆ ಒಂದೆರಡು ಸಲ, ರೋಗದ ಶುರುವಿನಲ್ಲೇ ಸಿಂಪಡಿಸಬೇಕು. ಪೂರ್ತಿ ಹಿಡಿದ ಮೇಲೆ ಸಿಂಪಡಿಸಿ ಪ್ರಯೋಜನ ಕಮ್ಮಿ. ಕಾಯಿಗಳು ಬಲಿತು ಮುಗಿಯುವ ಹೊತ್ತಿಗೆ ಈ ರೋಗ ಬಂದರೆ ತಲೆಕೆಡಿಸಿಕೊಳ್ಳಬೇಡಿ.

ಎಲೆ ಮುದುರಿ, ಹಳದಿ-ಹಸಿರು ಮಚ್ಚೆ ಮಚ್ಚೆಯಾಗಿ, ಕುಡಿ ಕುಗ್ಗಿದರೆ ಅದು ಮೊಸಾಯಿಕ್ ವೈರಸ್. ಇದಕ್ಕೆ ಮದ್ದಿಲ್ಲ. ಗಿಡಹೇನು ಇದನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತೊಯ್ಯುತ್ತದೆ, ಆದ್ದರಿಂದ ಗಿಡವನ್ನು ಕಿತ್ತು ಹಾಕಬೇಕು.

ಹುಳಗಳಲ್ಲಿ ಕೆಂಪು ದುಂಬಿ ಸಸಿಗೆ ಅಪಾಯ. ಎರಡು ಬೀಜದೆಲೆ ಇರುವಾಗ ಬಂದರೆ ಒಂದೇ ದಿನದಲ್ಲಿ ಮುಗಿಸಿಬಿಡುತ್ತದೆ. ಬೆಳಗಿನ ಚಳಿಯಲ್ಲಿ ಇದು ಜಡವಾಗಿರುತ್ತದೆ, ಆಗ ಹಿಡಿದು ಸೋಪಿನ ನೀರಿಗೆ ಹಾಕಬಹುದು. ಸಸಿಗೆ ತೆಳು ಬಲೆ ಹೊದಿಸಿದರೆ ಇನ್ನೂ ನಿಶ್ಚಿಂತೆ, ಹೂ ಶುರುವಾದ ಕೂಡಲೇ ಬಲೆ ತೆಗೆಯಬೇಕು. ಹಣ್ಣು ನೊಣ ಎಳೆ ಕಾಯಿಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಚುಚ್ಚಿದ ಜಾಗದಲ್ಲಿ ಅಂಟಿನ ಸಣ್ಣ ಹನಿ ಕಾಣಿಸಬಹುದು. ಕಾಯಿ ಕಚ್ಚಿದ್ದು ಖಾತ್ರಿಯಾದ ಮೇಲೆ ಕಾಗದದ ಚೀಲವನ್ನೋ ಬಟ್ಟೆಯ ಚೀಲವನ್ನೋ ಕಟ್ಟುವುದು ಮನೆ ತೋಟಕ್ಕೆ ಸಾಕಾಗುವ ಉಪಾಯ. ಕೊಳೆತು ಬಿದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಒಳಗಿನ ಹುಳಗಳೆಲ್ಲ ನೊಣವಾಗಿ ಬರುತ್ತವೆ. ಗಟ್ಟಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿಲಿಗೆ ಇಟ್ಟು ಸಾಯಿಸಿ.

ಕೀಳುವುದು, ಇಡುವುದು

ಜುಕಿನಿಯನ್ನು 15ರಿಂದ 20 ಸೆಂಟಿಮೀಟರ್ ಉದ್ದವಿರುವಾಗ ಕೀಳಿ. ಹೂ ಬಿದ್ದ ವಾರದೊಳಗೆ ಅಷ್ಟಾಗಿರುತ್ತದೆ. ಒಂದು ದಿನ ಬಿಟ್ಟು ಒಂದು ದಿನ ನೋಡುತ್ತಿರಬೇಕು.

ಕುಂಬಳಕ್ಕೆ ಆತುರ ಬೇಡ. ಕಾಯಿ ಕಚ್ಚಿ ಒಂದೂವರೆ ಎರಡು ತಿಂಗಳಾಗಿರಬೇಕು. ಬಣ್ಣ ಒಂದನ್ನೇ ನಂಬಬೇಡಿ, ಕೆಲವು ತಳಿ ಬಲಿತ ಮೇಲೂ ಹಸಿರಾಗಿಯೇ ಇರುತ್ತವೆ. ತೊಟ್ಟು ನೋಡಿ: ಹಸಿರು, ರಸಭರಿತವಾಗಿದ್ದ ತೊಟ್ಟು ಒಣಗಿ ಬೆಂಡಿನಂತೆ ಆಗಿರಬೇಕು. ಸಿಪ್ಪೆಗೆ ಉಗುರು ಒತ್ತಿ: ಉಗುರು ಇಳಿಯಬಾರದು. ಎರಡೂ ಸರಿಯಿದ್ದರೆ ಚಾಕುವಿನಿಂದ ಐದಾರು ಸೆಂಟಿಮೀಟರಾದರೂ ತೊಟ್ಟು ಉಳಿಸಿ ಕತ್ತರಿಸಿ. ತೊಟ್ಟು ಹಿಡಿದು ಎತ್ತಬೇಡಿ. ಅದು ಮುರಿದರೆ ಆ ಗಾಯದಿಂದಲೇ ಕೊಳೆ ಒಳಗೆ ಇಳಿಯುತ್ತದೆ.

ಕಿತ್ತ ಮೇಲೆ ಹತ್ತು ದಿನ ಗಾಳಿಯಾಡುವ, 27ರಿಂದ 30 ಡಿಗ್ರಿ ಬಿಸಿಯ ಜಾಗದಲ್ಲಿ ಹದಕ್ಕೆ ಬಿಡಬೇಕು. ಆಗ ಸಿಪ್ಪೆ ಗಟ್ಟಿಯಾಗುತ್ತದೆ, ಸಣ್ಣ ಗೀರುಗಳು ಮಾಯುತ್ತವೆ. ಏಕಾರ್ನ್ ಸ್ಕ್ವಾಷಿಗೆ ಈ ಹದ ಬೇಡ, ಅದರಿಂದ ಅದರ ಬಾಳಿಕೆ ಕಮ್ಮಿಯಾಗುತ್ತದೆ. ಆಮೇಲೆ 10ರಿಂದ 13 ಡಿಗ್ರಿಯ ತಂಪಾದ, ಒಣ ಜಾಗ ಸಿಕ್ಕರೆ ಬಟರ್‌ನಟ್, ಕುಂಬಳ ತಿಂಗಳುಗಟ್ಟಲೆ ಇರುತ್ತವೆ. ಬೆಚ್ಚಗಿನ ಮನೆಯಲ್ಲಿ ಅಷ್ಟು ಬಾಳದಿದ್ದರೂ ಒಂದಕ್ಕೊಂದು ತಾಗದ ಹಾಗೆ, ನೆಲದಿಂದ ಎತ್ತರಿಸಿ ಇಟ್ಟರೆ ಬೇಗ ಕೆಡುವುದಿಲ್ಲ.

ಬೀಜ ಎತ್ತಿಡುವವರು ತಿಳಿದಿರಬೇಕಾದ್ದು

ಜುಕಿನಿಯ ಪಕ್ಕ ಅದೇ ಜಾತಿಯ ಬೇರೆ ತಳಿ ಬೆಳೆದರೆ ಈ ವರ್ಷದ ಕಾಯಿಯ ರುಚಿ, ಆಕಾರ ಕೆಡುವುದಿಲ್ಲ. ಕಾಯಿಯ ತಿರುಳು ತಾಯಿ ಬಳ್ಳಿಯದ್ದೇ. ಬೆರಕೆ ಅಡಗಿರುವುದು ಒಳಗಿನ ಬೀಜದಲ್ಲಿ. ಆ ಬೀಜ ಬಿತ್ತಿದಾಗ, ಮುಂದಿನ ಬೆಳೆಯಲ್ಲಿ ಅದು ಹೊರಬರುತ್ತದೆ.

ತಳಿ ಶುದ್ಧವಾಗಿ ಬೇಕಿದ್ದರೆ ಹಿಂದಿನ ದಿನ ಸಂಜೆಯೇ ತಯಾರಾಗಿ. ನಾಳೆ ಅರಳಲಿರುವ ಮೊಗ್ಗಿನ ತುದಿ ಹಳದಿಗೆ ತಿರುಗಿರುತ್ತದೆ. ಅಂಥ ಒಂದು ಹೆಣ್ಣು, ಎರಡು ಗಂಡು ಮೊಗ್ಗುಗಳ ಬಾಯನ್ನು ದಾರದಿಂದ ಸಡಿಲವಾಗಿ ಕಟ್ಟಿ, ಜೇನು ನುಗ್ಗದಂತೆ ಮಾಡಿ. ಬೆಳಿಗ್ಗೆ ಬಿಚ್ಚಿ ಪರಾಗ ಮುಟ್ಟಿಸಿ, ಹೆಣ್ಣು ಹೂವಿನ ಬಾಯನ್ನು ಮತ್ತೆ ಕಟ್ಟಿ, ತೊಟ್ಟಿಗೆ ಗುರುತಿನ ದಾರ ಹಾಕಿ. ಆ ಕಾಯಿಯನ್ನು ಪೂರ್ತಿ ಬಲಿಯಲು ಬಿಡಬೇಕು. ಜುಕಿನಿಯಾದರೂ ಅಷ್ಟೆ, ಸಿಪ್ಪೆ ಗಟ್ಟಿಯಾಗುವ ತನಕ ಕೀಳಬಾರದು. ಹೈಬ್ರಿಡ್ ಬೀಜದ ಗಿಡದಿಂದ ಮಾತ್ರ ಹೀಗೆ ಎತ್ತಿಟ್ಟು ಪ್ರಯೋಜನವಿಲ್ಲ. ಮುಂದಿನ ಪೀಳಿಗೆ ಅದೇ ಗುಣ ಕೊಡುವುದಿಲ್ಲ.

ಬೆರಕೆಯಲ್ಲಿ ಒಂದು ನಿಜವಾದ ಅಪಾಯವಿದೆ. ಈ ಕುಲದ ಕಾಡು ಗಿಡಗಳಲ್ಲಿ ಕುಕರ್ಬಿಟಾಸಿನ್ ಎಂಬ ಕಡು ಕಹಿಯ ವಿಷ ಇರುತ್ತದೆ. ಸಾವಿರಾರು ವರ್ಷ ಕಹಿಯಿಲ್ಲದ ಗಿಡಗಳನ್ನೇ ಆರಿಸುತ್ತಾ ಬಂದು ಮನುಷ್ಯ ಅದನ್ನು ಕಳೆದಿದ್ದಾನೆ. ಶೋಕಿಗೆ ಬೆಳೆಯುವ ಪುಟ್ಟ ಕಾಯಿಗಳಲ್ಲಿ ಅದು ಇನ್ನೂ ಇದೆ. ಅವು ಹೆಚ್ಚಿನವು ಪೆಪೊ ಜಾತಿಯವೇ ಆದ್ದರಿಂದ ಜುಕಿನಿಯ ಜೊತೆ ಸಲೀಸಾಗಿ ಬೆರೆಯುತ್ತವೆ. ಅಂಥ ಬೆರಕೆ ಬೀಜದಿಂದ ಬಂದ ಕಾಯಿ ನೋಡಲು ಮಾಮೂಲಾಗಿದ್ದು ಒಳಗೆ ವಿಷವಿರಬಹುದು. ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ವಾಂತಿ, ಭೇದಿ, ಹೊಟ್ಟೆನೋವು ಬರುತ್ತದೆ. 2015ರಲ್ಲಿ ಜರ್ಮನಿಯಲ್ಲಿ, ಮನೆಯಲ್ಲಿ ಬೆಳೆದ ಜುಕಿನಿ ತಿಂದು ಒಬ್ಬ ವೃದ್ಧರು ತೀರಿಕೊಂಡರು.

ಆದ್ದರಿಂದ ಎತ್ತಿಟ್ಟ ಬೀಜದ್ದಾಗಲಿ, ತಿಪ್ಪೆಯಲ್ಲಿ ತಾನಾಗಿ ಹುಟ್ಟಿದ ಬಳ್ಳಿಯದಾಗಲಿ, ಮೊದಲ ಕಾಯಿ ಕತ್ತರಿಸಿದಾಗ ಹಸಿಯ ಒಂದು ಚೂರನ್ನು ನಾಲಿಗೆ ತುದಿಗೆ ಮುಟ್ಟಿಸಿ ನೋಡಿ. ಸ್ವಲ್ಪ ಕಹಿ ಅನಿಸಿದರೂ ಉಗುಳಿ, ಬಾಯಿ ಮುಕ್ಕಳಿಸಿ. ಆ ಬಳ್ಳಿಯ ಯಾವ ಕಾಯಿಯನ್ನೂ ತಿನ್ನಬೇಡಿ, ಅದರ ಬೀಜವನ್ನೂ ಇಟ್ಟುಕೊಳ್ಳಬೇಡಿ, ಹೂ ಇನ್ನೂ ಬಿಡುತ್ತಿದ್ದರೆ ಬಳ್ಳಿಯನ್ನೇ ಬುಡಸಮೇತ ಕಿತ್ತುಹಾಕಿ.